ಅಡುಗೆ ಬಾರದ ಅಕ್ಕನ ಅಡುಗೆ ಗುಂಪು

ಬೆಂಗಳೂರಿನಲ್ಲಿ ಅತ್ಯಂತ ಕೆಟ್ಟದಾಗಿ ಸಾರು ಮಾಡುವವರು ಯಾರೆಂದು ಎಲ್ಲಾದರೂ ಸ್ಪರ್ಧೆ ಇಟ್ಟರೆ ಬಹುಮಾನ ನಮ್ಮ ಅಕ್ಕನಿಗೇ ಬರಬೇಕು. ಬೇರೆ ಯಾರಿಗಾದರೂ ಕೊಟ್ಟರೆ ನಾನು ತಕರಾರು ಅರ್ಜಿ ಹಾಕುವವಳೇ! ಅವರ ಸಾರಿನಲ್ಲಿ ಬೇಳೆ ಒಂದು ಕಡೆ, ನೀರು ಒಂದು ಕಡೆ, ಜಗಳವಾಡಿದ ಗಂಡ ಹೆಂಡಿರ ಹಾಗೆ ಮುಖ ತಿರುಗಿಸಿಕೊಂಡು ಕೂತಿರುತ್ತವೆ. ಅವರ ಮನೆಯ ಬೆಕ್ಕು ದಿನಾ ಪಕ್ಕದ ಮನೆಗೆ ಹೋಗಿ ಮೊಸರನ್ನ ತಿಂದು ಬರುತ್ತದೆ. ಊಟಕ್ಕೆ ಮುಂಚಿನ ಪ್ರಾರ್ಥನೆ ನಮ್ಮ ಮನೆಗಳಲ್ಲಿ ಅರ್ಧ ನಿಮಿಷ. ಅಕ್ಕನ ಯಜಮಾನರು ಮಾತ್ರ ಲೋಕದ ಒಂದೊಂದು ದೇಶವನ್ನೂ ಹೆಸರು ಹಿಡಿದು ದೇವರಿಗೆ ಒಪ್ಪಿಸುತ್ತಾರೆ. ಭಕ್ತಿ ಎಂದುಕೊಂಡಿರಾ? ತಟ್ಟೆ ಮುಟ್ಟುವುದನ್ನು ಎಷ್ಟು ಮುಂದೂಡಬಹುದೋ ಅಷ್ಟು!

ಇಂಥ ಅಕ್ಕ ಇಂಟರ್ನೆಟ್ಟಿನಲ್ಲಿ ಒಂದು ಅಡುಗೆ ಗುಂಪು ನಡೆಸುತ್ತಿದ್ದಾರೆ ಎಂದರೆ ನಂಬುತ್ತೀರಾ?

ಇದನ್ನು ಬರೆಯಲು ಅವರ ಅಪ್ಪಣೆ ಕೇಳಿದೆ. "ಎಲ್ಲಾ ಬರಿ, ಸಾರಿನ ವಿಷಯ ಒಂದು ಬೇಡ" ಅಂದರು. ಆದ್ದರಿಂದ ಸಾರಿನಿಂದಲೇ ಶುರು ಮಾಡಿದ್ದೇನೆ.

ಅಕ್ಕ ನನ್ನ ಒಡಹುಟ್ಟಿದವರಲ್ಲ. ಜಯನಗರದ ಒಂದು ಕ್ರೈಸ್ತ ಸಭೆಯ ಪಾಸ್ಟರ ಹೆಂಡತಿ. ನನ್ನ ಯಜಮಾನರು ಶ್ರೀನಗರದ ಒಂದು ಸಣ್ಣ ಸಭೆಗೆ ಪಾಸ್ಟರಾಗಿದ್ದರು. ಹಾಗಾಗಿ ನಾನೂ ಪಾಸ್ಟರಮ್ಮ. ಆಗಿದ್ದೆ. ಯಜಮಾನರು ಹೋದ ವರ್ಷ ತೀರಿಕೊಂಡರು. ಆ ಮಾತು ಆಮೇಲೆ ಬರುತ್ತದೆ. ನಗುವ ಮಾತು ಮೊದಲು ಮುಗಿಯಲಿ ಎನ್ನುವುದು ಅವರದೇ ಪದ್ಧತಿ.

ಪಾಸ್ಟರಮ್ಮನ ಕಷ್ಟ ಹೊರಗಿನವರಿಗೆ ಗೊತ್ತಾಗುವಂಥದ್ದಲ್ಲ. ಹೊಸ ಸೀರೆ ಉಟ್ಟರೆ "ನೋಡಿದ್ರಾ" ಅನ್ನುತ್ತಾರೆ, ಹಳೆಯದು ಉಟ್ಟರೆ "ಸಭೆ ಮಾನ ಹೋಯ್ತು" ಅನ್ನುತ್ತಾರೆ. ಮನೆ ನಮ್ಮದಲ್ಲ, ಕೆಲಸವಿರುವಷ್ಟು ದಿನ ಪಾಸ್ಟರಿಗೆಂದು ಸಭೆ ಕೊಡುವ ಪಾರ್ಸನೇಜು. ಯಾರು ಬೇಕಾದರೂ ಯಾವಾಗ ಬೇಕಾದರೂ ಬರಬಹುದು, ಬಂದವರು ಉಂಡೇ ಹೋಗಬೇಕು. ಆದ್ದರಿಂದ ಪಾರ್ಸನೇಜಿನ ಅಡುಗೆಗೆ ಅಳತೆ ಎಂಬುದಿಲ್ಲ. ನಾವಿಬ್ಬರೇ ಇದ್ದೆವು, ಮಕ್ಕಳಿಲ್ಲ. ಆದರೂ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ನಾನು ಇಬ್ಬರಿಗೆ ಸಾರು ಮಾಡಿದವಳಲ್ಲ. ಇನ್ನು ಮನಸ್ಸಿನ ಕಷ್ಟವನ್ನು ಯಾರ ಹತ್ತಿರ ಹೇಳುವುದು? ಸಭೆಯಲ್ಲಿ ಒಬ್ಬರಿಗೆ ಹೇಳಿದರೆ ಮುಂದಿನ ಭಾನುವಾರಕ್ಕೆ ಎಲ್ಲರಿಗೂ ಗೊತ್ತು. ಗಂಡನಿಗೆ ಹೇಳೋಣವೆಂದರೆ ಅವರು ಊರವರ ಗೋಳನ್ನೆಲ್ಲ ಕೇಳಿ, ಕಿವಿ ತುಂಬಿಸಿಕೊಂಡು ಮನೆಗೆ ಬಂದಿರುತ್ತಾರೆ.

ಅದಕ್ಕೆ ತೊಂಬತ್ತರ ದಶಕದಲ್ಲಿ ಅಕ್ಕ ಒಂದು ಉಪಾಯ ಕಂಡುಹಿಡಿದರು. ಇನ್ನೂರು ಪುಟದ ಒಂದು ನೋಟ್‌ಬುಕ್ಕು. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ಅಡುಗೆ ಪುಸ್ತಕ" ಎಂದು ಬರೆದರು, ಗಂಡಸರು ಮುಟ್ಟಬಾರದು ಎಂದು. ಮೊದಲ ಪುಟದಲ್ಲಿ ಕ್ಯಾಲೆಂಡರಿನ ಹಿಂಭಾಗದಿಂದ ನಕಲು ಮಾಡಿದ ಹುರುಳಿಕಾಳಿನ ಸಾರು. ಎರಡನೆಯ ಪುಟದಿಂದ ನಮ್ಮ ಗೋಳು. ಒಬ್ಬೊಬ್ಬ ಪಾಸ್ಟರಮ್ಮನ ಮನೆಯಲ್ಲಿ ಮೂರು ದಿನ ಇದ್ದು, ಪುಸ್ತಕ ತರಕಾರಿ ಚೀಲದಲ್ಲಿ ಕೂತು, ಜಯನಗರದಿಂದ ಶ್ರೀನಗರಕ್ಕೆ, ಅಲ್ಲಿಂದ ಬನಶಂಕರಿಗೆ, ಜೆ.ಪಿ. ನಗರಕ್ಕೆ ಬಸ್ಸಿನಲ್ಲಿ ಓಡಾಡುತ್ತಿತ್ತು.

ಒಂದು ಸಲ ಬನಶಂಕರಿಯ ಪಾಸ್ಟರು, ಹೆಂಡತಿ ಊರಿಗೆ ಹೋಗಿದ್ದಾಗ, ಹಸಿವು ತಾಳಲಾರದೆ ಆ ಪುಸ್ತಕ ತೆಗೆದರಂತೆ. ಮೊದಲ ಪುಟ ನೋಡಿಕೊಂಡು ಸಾರಿಗೆ ಇಟ್ಟರು. ಅದು ಕುದಿಯುವಷ್ಟರಲ್ಲಿ ಸುಮ್ಮನೆ ಕೂರಲಾರದೆ ಎರಡನೆಯ ಪುಟ ತಿರುವಿದರು. ಅಲ್ಲಿ ಅವರ ಗೊರಕೆಯ ಬಗ್ಗೆ ಒಂದೂವರೆ ಪುಟ ಇತ್ತು! ಪಾಪ, ಪುಸ್ತಕ ಮುಚ್ಚಿಟ್ಟು ಮೂರು ದಿನ ಉಪವಾಸ ಪ್ರಾರ್ಥನೆ ಮಾಡಿದರು. ಗೊರಕೆ ನಿಲ್ಲಲಿಲ್ಲ.

ಆ ಪುಸ್ತಕದಲ್ಲಿ ಅಕ್ಕ ಬರೆದ ಒಂದು ಉಪದೇಶ ನಮ್ಮೆಲ್ಲರ ಬದುಕನ್ನೇ ಬದಲಾಯಿಸಿತು. ಭಾನುವಾರ ಪಾಸ್ಟರು ಮಾಡುವ ಪ್ರಸಂಗ ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚಾದರೆ ಜನ ದೇವರನ್ನು ಮರೆತು ಮಧ್ಯಾಹ್ನದ ಊಟ ನೆನೆಯುತ್ತಾರೆ, ಆದ್ದರಿಂದ ಪ್ರತಿ ಪಾಸ್ಟರಮ್ಮನೂ ಲೋಹದ ಕ್ಲಿಪ್ಪಿರುವ ಹ್ಯಾಂಡ್‌ಬ್ಯಾಗು ಇಟ್ಟುಕೊಂಡು, ಎರಡನೆಯ ಸಾಲಿನಲ್ಲಿ ಕೂತು, ಇಪ್ಪತ್ತೈದನೆಯ ನಿಮಿಷಕ್ಕೆ "ಟಕ್" ಎಂದು ಮುಚ್ಚಬೇಕು. ನಮ್ಮ ಗಂಡಂದಿರು ಆ ಸದ್ದಿಗೆ ಬೇಗ ಪಳಗಿದರು. ನನ್ನ ಯಜಮಾನರಂತೂ ಮನೆಗೆ ಬಂದ ಮೇಲೆ "ಇವತ್ತು ಎರಡು ನಿಮಿಷ ಮುಂಚೆನೇ ಮುಚ್ಚಿದೆ ನೀನು" ಎಂದು ಲೆಕ್ಕ ಕೇಳುತ್ತಿದ್ದರು. ಆಮೇಲೆ ಒಂದು ವರ್ಷ ಎಲ್ಲ ಸಭೆಗಳ ಕೂಡು ಆರಾಧನೆಗೆ ಹೊರಗಿನಿಂದ ಒಬ್ಬ ದೊಡ್ಡ ಉಪದೇಶಕರು ಬಂದರು. ಇಪ್ಪತ್ತೈದು ನಿಮಿಷವಾಯಿತು. ಅಭ್ಯಾಸ ನೋಡಿ, ಹನ್ನೊಂದು ಬ್ಯಾಗುಗಳು ಒಂದೇ ಸಲ "ಟಕ್" ಎಂದವು! ಉಪದೇಶಕರು ಬೆಚ್ಚಿ ಆಮೆನ್ ಅಂದುಬಿಟ್ಟರು. ವೇದಿಕೆಯ ಮೇಲೆ ಕೂತಿದ್ದ ನನ್ನ ಯಜಮಾನರು ಬೈಬಲನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು. ಹೆಗಲು ಕುಣಿಯುತ್ತಿದ್ದುದನ್ನು ಮಾತ್ರ ಮುಚ್ಚಲು ಆಗಲಿಲ್ಲ.

ಎರಡು ಸಾವಿರ ಇಸವಿ ದಾಟಿದ ಮೇಲೆ ಬೀದಿಗೊಂದು ಸೈಬರ್ ಕೆಫೆ ಬಂತು. ಪುಸ್ತಕವೂ ಹರಿದಿತ್ತು. ಅಕ್ಕ ಇ-ಮೇಲ್ ಗುಂಪು ಶುರುಮಾಡಿದರು. ಹೆಸರು ಅದೇ ಹಳೆಯ ಉಪಾಯದ "ಅಡುಗೆ". ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ, ಒಂದೇ ಬೆರಳಿನಲ್ಲಿ, ದಾರ ಕಟ್ಟಿ ಕುತ್ತಿಗೆಗೆ ತೂಗುಹಾಕಿಕೊಂಡ ಕನ್ನಡಕ ಏರಿಸಿ ಕುಟ್ಟುತ್ತಿದ್ದರು. ಕೊನೆಗೆ ಪೂರ್ತಿ ವಿಳಾಸ, ಪಿನ್ ಕೋಡ್ ಸಮೇತ. ಕಳಿಸುವ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥನೆ ಬೇರೆ. ಅವರು ಅಲ್ಲಾಡದೆ ಕೂತದ್ದು ಕಂಡು ಕೆಫೆಯ ಮಾಲೀಕರು ಮೊದಮೊದಲು ಓಡಿಬಂದು ಕಂಪ್ಯೂಟರ್ ಆರಿಸಿಬಿಡುತ್ತಿದ್ದರು. ಆಮೇಲಾಮೇಲೆ ದೂರದಿಂದಲೇ ಕೇಳುತ್ತಿದ್ದರು:

"ಮೇಡಂ, ಹ್ಯಾಂಗ್ ಆಗಿದ್ಯಾ, ಪ್ರಾರ್ಥನೆನಾ?"

ಮೇಲ್ ಕಳಿಸಿ ಮನೆಗೆ ಬಂದವರೇ ನಮಗೆಲ್ಲ ಫೋನ್ ಮಾಡುತ್ತಿದ್ದರು. "ಮೇಲ್ ಹಾಕಿದ್ದೀನಿ, ಹೋಗಿ ನೋಡು." ಸರಿ ಎನ್ನುವಷ್ಟರಲ್ಲಿ, ಬರೆದದ್ದನ್ನೆಲ್ಲ ಫೋನಿನಲ್ಲೇ ಓದಿಬಿಡುತ್ತಿದ್ದರು, ಪಿನ್ ಕೋಡ್ ಸಮೇತ. ಇನ್ನು ಹೋಗಿ ನೋಡುವುದೇನು?

ಗುಂಪಿಗೆ ನಾಲ್ಕು ನಿಯಮಗಳಿದ್ದವು. ಮೊದಲೆರಡು ಯಾರಿಗೂ ನೆನಪಿಲ್ಲ. ಮೂರನೆಯದೆಂದರೆ ಎಲ್ಲರಿಗೂ ಭಯ: ಪಾರ್ಸನೇಜು ಬಿಟ್ಟವರು ಗುಂಪನ್ನೂ ಬಿಡಬೇಕು. ನಿಯಮವೆಂದರೆ ಎಂಥ ನಿಯಮ! ಅಕ್ಕನ ಸ್ವಂತ ತಂಗಿಯ ಯಜಮಾನರು ಆರೋಗ್ಯ ಕೆಟ್ಟು ಪಾಸ್ಟರ ಕೆಲಸ ಬಿಟ್ಟರು. ಪಾರ್ಸನೇಜಿನಿಂದ ತಂಗಿಯ ಸಾಮಾನು ಲಾರಿಗೆ ಏರುತ್ತಿದ್ದ ಹೊತ್ತಿಗೇ ಅಕ್ಕ ಕೆಫೆಗೆ ಹೋಗಿ ಅವರ ಹೆಸರು ತೆಗೆದುಹಾಕಿದರು. ನಾವು ಕೈ ಕೈ ಹಿಸುಕಿಕೊಂಡೆವು. ಎಂಥ ಕಲ್ಲು ಮನಸ್ಸು ಎಂದು ನಾನೇ ಯಜಮಾನರ ಹತ್ತಿರ ಅಂದಿದ್ದೆ. "ನೋಡದೆ ಹೇಳಬೇಡ" ಅಂದಿದ್ದರು ಅವರು.

ನಾಲ್ಕನೆಯ ನಿಯಮ ಹುಟ್ಟಿದ್ದು ಬಿಟಿಎಂ ಲೇಔಟಿನಿಂದ. ಧಾರವಾಡದ ಕಡೆಯಿಂದ ಬಂದು ಅಲ್ಲಿ ಬಾಡಿಗೆಗಿದ್ದು ಆಫೀಸಿಗೆ ಹೋಗುವ ಒಬ್ಬ ಹುಡುಗಿ, ನಮ್ಮ ಗುಂಪಿನ ಹೆಸರು ನೋಡಿ ನಿಜವಾಗಿ ಅಡುಗೆಯದೆಂದೇ ನಂಬಿ ಒಳಗೆ ಬಂದಳು. "ಅಕ್ಕಾರ, ಬೆಂಗಳೂರಾಗ ಚಲೋ ಜ್ವಾಳದ ಹಿಟ್ಟು ಎಲ್ಲಿ ಸಿಗ್ತದ್ರಿ?" ನಮಗೆ ಗಾಬರಿ. ಅಕ್ಕ ಮಾತ್ರ ಒಂದು ವಾರ ಅಂಗಡಿ ಅಂಗಡಿ ಸುತ್ತಿ ಹಿಟ್ಟು ಹುಡುಕಿ ಉತ್ತರ ಬರೆದರು. ಹಸಿದು ಬಂದವರನ್ನು ಆಚೆ ಹಾಕುವುದು ಪಾರ್ಸನೇಜಿನ ಪದ್ಧತಿಯಲ್ಲ ಅಂದರು. ಅವತ್ತೇ ನಿಯಮ ನಾಲ್ಕು: ಅಡುಗೆ ಕೇಳಿಕೊಂಡು ಬಂದವರನ್ನು ಯಾರು ಎಂದು ಕೇಳಬಾರದು.

ಆಮೇಲೆ ಅಂಥವರು ಒಬ್ಬೊಬ್ಬರೇ ಬಂದರು. ಹೆಸರುಗಳೂ ಸೊಗಸು: ಮೆಂತ್ಯ, ಜೀರಿಗೆ, ಏಲಕ್ಕಿ. ಪ್ರಶ್ನೆಗಳು ಇನ್ನೂ ಸೊಗಸು. ಇಡ್ಲಿ ಗಟ್ಟಿಯಾಗುತ್ತದೆ, ಏನು ಮಾಡಲಿ ಎಂದು ಮೆಂತ್ಯ ಕೇಳಿದರೆ, ಗಟ್ಟಿ ಇಡ್ಲಿ ಕೊಟ್ಟರೆ ನೆಂಟರು ಬೇಗ ಹೊರಡುತ್ತಾರೆ, ಬದಲಾಯಿಸಬೇಡ ಎಂದು ಅಕ್ಕನ ಉತ್ತರ. ಮಾಡಿದ್ದೆಲ್ಲ ಮಿಕ್ಕುತ್ತದೆ ಎಂದು ಜೀರಿಗೆ ಬರೆದಾಗ, ಕಡಿಮೆ ಮಾಡಿ, ಅಷ್ಟೇ ಎಂದು ನಾನು ಜಾಣತನ ತೋರಿಸಿದ್ದೆ. ಏಲಕ್ಕಿಯದು ಇನ್ನೂ ವಿಚಿತ್ರ. ವರ್ಷಕ್ಕೊಮ್ಮೆ ಬಂದು, "ನುಗ್ಗೆಮರ ಹೂ ಬಿಟ್ಟಿತಾ?" ಎಂದು ಕೇಳಿ ಮಾಯವಾಗುತ್ತಿದ್ದಳು. ಯಾವ ನುಗ್ಗೆಮರ? ಯಾರ ನುಗ್ಗೆಮರ? ನಾವು ಫೋನಿನಲ್ಲಿ ನಕ್ಕೂ ನಕ್ಕೂ ಸುಸ್ತು. ಪಾಪ ಎಂದು ನಾನು, ನಮ್ಮ ಹಿತ್ತಲದು ಬಿಟ್ಟಿದೆ ಎಂದು ಬರೆದೆ. "ತುಂಬಾ ಸಂತೋಷ" ಎಂದು ಉತ್ತರ ಬಂತು.

ಹೋದ ವರ್ಷ ಯಜಮಾನರ ಹೃದಯ ಒಂದು ಮಂಗಳವಾರ ಬೆಳಿಗ್ಗೆ ನಿಂತಿತು. ಸಭೆಯವರು ಒಳ್ಳೆಯವರು, ಮೂರು ತಿಂಗಳು ಸಮಯ ಕೊಟ್ಟರು. ಹೊಸ ಪಾಸ್ಟರು ಬರಬೇಕಲ್ಲ. ನಾನು ಸುಬ್ರಹ್ಮಣ್ಯಪುರದಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ ಹಿಡಿದೆ. ಗಂಡ ಹೋದರು, ಮನೆ ಹೋಯಿತು, ಎರಡನೆಯ ಸಾಲಿನ ಜಾಗ ಹೋಯಿತು. ಉಳಿದದ್ದು ಗುಂಪೊಂದೇ. ಅದಕ್ಕೆ ನಿಯಮ ಮೂರು ಕಾದು ಕೂತಿದೆ ಎಂದು ನನಗೆ ಗೊತ್ತಿತ್ತು. ಆ ಮೂರು ತಿಂಗಳು ಬಂದ ಒಂದೊಂದು ಮೇಲನ್ನೂ ಎರಡೆರಡು ಸಲ ಓದಿದೆ.

ಪಾರ್ಸನೇಜಿನ ಬೀಗದ ಕೈ ಸಭೆಯ ಹಿರಿಯರ ಕೈಗೆ ಕೊಟ್ಟದ್ದು ಬೆಳಿಗ್ಗೆ ಹತ್ತಕ್ಕೆ. ಹನ್ನೊಂದಕ್ಕೆ ಅಕ್ಕನ ಫೋನ್.

"ಮೇಲ್ ಹಾಕಿದ್ದೀನಿ, ಹೋಗಿ ನೋಡು."

ಓದುತ್ತಾರೆಂದು ಕಾದೆ. ಓದಲಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಸಲ ಫೋನ್ ಇಟ್ಟುಬಿಟ್ಟರು.

ಹೊಸ ಮನೆಯ ಹತ್ತಿರದ ಕೆಫೆಗೆ ಹೋದೆ. ಎರಡು ಮೇಲ್ ಇದ್ದವು. ಮೊದಲನೆಯದು ಒಂದೇ ಸಾಲು: ನಿಯಮ ಮೂರರಂತೆ ನಿನ್ನ ಹೆಸರು ತೆಗೆದಿದ್ದೇನೆ. ಕೆಳಗೆ ವಿಳಾಸ, ಪಿನ್ ಕೋಡ್. ನಿರೀಕ್ಷಿಸಿದ್ದೇ. ಆದರೂ ಪರದೆ ಮಂಜಾಯಿತು. ಕಣ್ಣೊರೆಸಿಕೊಂಡು ಎರಡನೆಯದನ್ನು ತೆರೆದೆ. ಐದು ನಿಮಿಷ ಬಿಟ್ಟು ಕಳಿಸಿದ್ದು.

"ನಿಯಮ ನಾಲ್ಕರಂತೆ ಒಳಗೆ ಬಾ. ಇನ್ನು ನಿನ್ನ ಹೆಸರು ಸಾಸಿವೆ. ಮೆಂತ್ಯ ನನ್ನ ತಂಗಿ. ಜೀರಿಗೆಯ ಯಜಮಾನರು ಹೋಗಿ ನಾಲ್ಕು ವರ್ಷ ಆಯ್ತು. ಏಲಕ್ಕಿ ನಿನಗಿಂತ ಮುಂಚೆ ನಿಮ್ಮ ಪಾರ್ಸನೇಜಿನಲ್ಲಿ ಇದ್ದವಳು, ಆ ನುಗ್ಗೆಮರ ನೆಟ್ಟಿದ್ದು ಅವಳೇ. ನಮ್ಮ ಹುಡುಗೀರು ಇವರನ್ನ ಪಾಪ ಅನ್ನಬಾರದು ಅಂತ ಹೀಗೆ ಮಾಡಿದ್ದೀನಿ. ಒಂದು ಅಡುಗೆ ಪ್ರಶ್ನೆ ಕೇಳು. ಕೇಳದೆ ಬಂದರೆ ನಿಯಮಕ್ಕೆ ವಿರುದ್ಧ."

ಆ ಕೆಫೆಯ ಕುರ್ಚಿಯಲ್ಲಿ ನಾನು ಎಷ್ಟು ಹೊತ್ತು ಕೂತಿದ್ದೆನೋ. ಕಂಪ್ಯೂಟರ್ ಹ್ಯಾಂಗ್ ಆಯ್ತಾ ಆಂಟಿ ಎಂದು ಅಲ್ಲಿಯ ಮಾಲೀಕರೂ ಬಂದು ಕೇಳಿದರು.

ಪ್ರಶ್ನೆ ಹುಡುಕಬೇಕಾಗಲಿಲ್ಲ, ಅದು ಒಂದು ವಾರದಿಂದ ಒಲೆಯ ಮೇಲೇ ಇತ್ತು. ಬೀಗದ ಕೈ ಕೊಡುವುದಕ್ಕೆ ಒಂದು ವಾರ ಮೊದಲೇ ಹೊಸ ಮನೆಯಲ್ಲಿ ಒಲೆ ಹೂಡಿದ್ದೆ. ಪ್ರತಿ ಸಲವೂ ಪಾರ್ಸನೇಜಿನ ಅಳತೆಯಲ್ಲೇ ಬೇಳೆ ಬೇಯಿಸಿ, ಅದೇ ಸಾರನ್ನು ಮೂರು ದಿನ ಕಾಯಿಸಿ ಉಣ್ಣುತ್ತಿದ್ದೆ. ಬರೆದೆ: "ಒಬ್ಬಳಿಗೆ ಸಾರು ಮಾಡಬೇಕಾದರೆ ಬೇಳೆ ಎಷ್ಟು ಹಾಕಬೇಕು?"

ಉತ್ತರಗಳು ಬಂದವು. ಅರ್ಧ ಹಿಡಿ ಸಾಕು ಎಂದು ಬನಶಂಕರಿಯವರು. ಒಬ್ಬಳಿಗೋಸ್ಕರ ಯಾರು ಒಲೆ ಹಚ್ಚುತ್ತಾರೆ, ಹೋಟೆಲಿನಿಂದ ತನ್ನಿ ಎಂದು ಜೆ.ಪಿ. ನಗರದ ಹೊಸ ಪಾಸ್ಟರಮ್ಮ. ನಾನು ಜೀರಿಗೆಗೆ ಬರೆದ ಜಾಣ ಉತ್ತರ ನೆನಪಾಯಿತು. ಆ ಜೀರಿಗೆ ಈಗ ನನಗೆ ಬರೆದಿದ್ದಳು: ಅದು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು, ಅವಸರ ಬೇಡ.

ಅಕ್ಕ ಮೇಲ್ ಹಾಕಲಿಲ್ಲ. ಫೋನ್ ಮಾಡಿದರು.

"ಅಳತೆಗಿಳತೆ ಬದಲಾಯಿಸ್ಬೇಡ ಕಣೆ. ಶನಿವಾರ ಬರ್ತೀವಿ."

ಶನಿವಾರ ಮಧ್ಯಾಹ್ನ ಮೆಂತ್ಯ, ಜೀರಿಗೆ, ಏಲಕ್ಕಿ ಮೂವರೂ ಮೆಟ್ಟಿಲು ಹತ್ತಿ ಬಂದರು. ಹಿಂದೆ ಏದುಸಿರು ಬಿಡುತ್ತಾ ಅಕ್ಕ. ಅವರ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ.

"ಸಾರು ತಂದಿದ್ದೀನಿ. ನಾನೇ ಮಾಡಿದ್ದು."

ಮೆಂತ್ಯ ನನ್ನ ಕಿವಿಯ ಹತ್ತಿರ ಬಗ್ಗಿ, "ನಿಂದೂ ಇದೆ ತಾನೆ?" ಅಂದರು. ಇದೆ ಅಂದೆ.

ಅವತ್ತು ಫೋನಿನಲ್ಲಿ ಯಾಕೆ ಓದಲಿಲ್ಲ ಎಂದು ಊಟದ ನಡುವೆ ಅಕ್ಕನನ್ನು ಕೇಳಿದೆ. ಕನ್ನಡಕ ಸಿಗಲಿಲ್ಲ ಅಂದರು. ಅದು ದಾರದಲ್ಲಿ ಅವರ ಕುತ್ತಿಗೆಯಲ್ಲೇ ತೂಗುತ್ತಿತ್ತು.

ಪಾರ್ಸನೇಜಿನ ಅಳತೆಯ ನನ್ನ ಸಾರು ಅವತ್ತು ಸಾಲಲಿಲ್ಲ. ಕೊನೆಗೆ ಅಕ್ಕನ ಡಬ್ಬಿ ತೆರೆಯಬೇಕಾಯಿತು. ಬೇಳೆ ಒಂದು ಕಡೆ, ನೀರು ಒಂದು ಕಡೆ. ನಾನು ಎರಡು ಸಲ ಹಾಕಿಸಿಕೊಂಡೆ.