ಶಿಕ್ಷಕರ ನಾಡಿ, ಪರದೆಯ ಮೇಲಿನ ದೋಣಿ

ಶಿಕ್ಷಕರಿಗೆ ಮನಶ್ಶಾಂತಿ ಕಲಿಸಲು ನನ್ನನ್ನು ಮೂರು ತಿಂಗಳ ಗುತ್ತಿಗೆಯ ಮೇಲೆ ನೇಮಿಸಿದವರು, ಮುಂದೆ ಹೇಳುವಂಥವೂ ನಡೆಯುತ್ತವೆಂದು ಆದೇಶಪತ್ರದಲ್ಲಿ ಬರೆದಿರಲಿಲ್ಲ; ಆದರೂ ನಡೆದವು. ಸಾಧನ ಸರಳ: ಬೆರಳಿಗೊಂದು ಕ್ಲಿಪ್ಪು, ಎದುರಿಗೊಂದು ಲ್ಯಾಪ್‌ಟಾಪ್. ಉಸಿರು, ನಾಡಿ ಸಮವಾದರೆ ಪರದೆಯ ಮೇಲಿನ ದೋಣಿ ದಡ ಸೇರುತ್ತದೆ; ಸಿಟ್ಟೋ ಹೆದರಿಕೆಯೋ ಬಂದರೆ ಮುಳುಗುತ್ತದೆ. ಕೊನೆಯ ಶಿಬಿರದಲ್ಲಿ ದೋಣಿಗಳು ದಡ ಸೇರದಿದ್ದರೆ ನನ್ನ ನೌಕರಿಯೂ ಅಲ್ಲಿಗೇ ಮುಗಿಯುವುದಿತ್ತು.

೧. ಗಣಿತದ ಮಾಸ್ತರರು

ಮೊದಲ ಶಿಬಿರ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ. ನಿವೃತ್ತಿಯ ಅಂಚಿನಲ್ಲಿದ್ದ ಗಣಿತದ ಮಾಸ್ತರರು ಕ್ಲಿಪ್ಪು ಹಾಕಿಕೊಂಡು, ಹೋಂವರ್ಕ್ ತಾರದ ಹುಡುಗನನ್ನು ನೋಡುವಂತೆ ದೋಣಿಯನ್ನು ನೋಡಿದರು. ಅದು ಅರ್ಧ ದಾರಿಯಲ್ಲಿ ವಾಲಿತು.

“ಏ! ನೆಟ್ಟಗ ನಡಿ!” ಎಂದು ಗುಡುಗಿದರು. ಮುಳುಗಿತು.

“ಸರ್, ಬೈಯಬಾರದು,” ಎಂದೆ.

“ಮೂವತ್ತು ವರ್ಷ ಬೈದೇ ಪಾಸ್ ಮಾಡ್ಸೀನಿ, ತಂಗಿ. ಇದೇನು ಡಿ.ಸಿ. ಸಾಹೇಬ್ರ ಮಗ ಏನು?”

೨. ಹನ್ನೊಂದು ಜನ, ಒಂದೇ ನಾಡಿ

ಕೊನೆಯ ಶಿಬಿರ ಕಮಲಾಪುರದ ಶಾಲೆಯೊಂದರಲ್ಲಿ. ಮೊದಲ ದಿನ ಹನ್ನೊಂದು ಶಿಕ್ಷಕರ ದೋಣಿಗಳೂ ಮುಳುಗಿದವು. ಲ್ಯಾಪ್‌ಟಾಪನ್ನು ಶಾಲೆಯಲ್ಲೇ ಬಿಟ್ಟು ಹೋಗಿದ್ದೆ. ಎರಡನೆಯ ದಿನ ಬಸ್ಸು ತಡವಾಗಿ ನಾನು ತಲುಪುವಷ್ಟರಲ್ಲಿ ಹನ್ನೊಂದೂ ದಡ ಸೇರಿದ್ದವು. ಹನ್ನೊಂದು ನಾಡಿಗಳೂ ಒಂದೇ ಗತಿಯಲ್ಲಿದ್ದವು. ವೈದ್ಯಶಾಸ್ತ್ರದಲ್ಲಿ ಇದು ಅಸಾಧ್ಯ. ಹಾಜರಿ ಪುಸ್ತಕದಲ್ಲಿ ಮಾತ್ರ ಸಾಧ್ಯ.

ಹೆಡ್‌ಮೇಡಂ ಅವರನ್ನು ಕೇಳಿದೆ.

“ನಮ್ಮ ಬಿಸಿಯೂಟದ ಅಕ್ಕನ ಬೆರಳು ಭಾಳ ಶಾಂತ ಅದ. ಎಲ್ಲಾರದ್ದೂ ಆಕಿನೇ ಆಡ್ಯಾಳ,” ಎಂದರು, ಸ್ವಲ್ಪವೂ ಸಂಕೋಚವಿಲ್ಲದೆ. “ಪಾಪ, ಒಲಿ ಮ್ಯಾಲಿನ ಬ್ಯಾಳಿ ಇಳಿಸಿ ಬಂದಾಳ.”

“ಇದು ಸುಳ್ಳು ದಾಖಲೆ, ಮೇಡಂ!”

“ನಮ್ಮ ಎದಿ ಬಡಿತ ಕೊಟ್ಟಿದ್ರ ನಿನ್ನ ನೌಕರಿ ಉಳೀತಿತ್ತೇನವ್ವಾ?”

೩. ಸಾಹೇಬರ ಭೇಟಿ

ಆ ದಾಖಲೆಗಳನ್ನೆಲ್ಲ ಅಳಿಸಿಹಾಕಿದೆ. ಮರುದಿನ ಕಲಬುರಗಿಯಿಂದ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಅವರ ವರದಿಯ ಮೇಲೆಯೇ ನನ್ನ ನೌಕರಿ ನಿಂತಿತ್ತು. ಶಿಕ್ಷಕರು ಈ ಸಲ ತಮ್ಮ ತಮ್ಮ ಬೆರಳನ್ನೇ ಕೊಟ್ಟರು. ಸಾಹೇಬರು ಕೈ ಹಿಂದೆ ಕಟ್ಟಿಕೊಂಡು ಪ್ರತಿಯೊಬ್ಬರ ಬೆನ್ನ ಹಿಂದೆ ನಿಂತರು. ನಿಂತಲ್ಲೆಲ್ಲ ದೋಣಿ ಮುಳುಗಿತು.

“ಯಾಕ್ರೀ, ಎಲ್ಲಾ ಮುಳಗಾಕತ್ತಾವ?” ಎಂದು ಅವರು ನನ್ನತ್ತ ತಿರುಗಿದರು.

ಹೆಡ್‌ಮೇಡಂ ಮುಂದೆ ಬಂದರು. “ಸಾಹೇಬ್ರ, ಬಿಸಲಾಗ ಬಂದೀರಿ. ಹೊರಗ ಗಾಳಿ ಚಲೋ ಅದ. ಕುಂತು ಛಾ ಕುಡೀರಿ.”

ಸಾಹೇಬರು ವರಾಂಡಕ್ಕೆ ನಡೆದರು. ಅವರು ಚಹಾ ಮುಗಿಸುವಷ್ಟರಲ್ಲಿ, ಒಳಗೆ ಒಬ್ಬೊಬ್ಬರಾಗಿ ಹನ್ನೊಂದು ಮಂದಿಯೂ ದೋಣಿಯನ್ನು ದಡ ಮುಟ್ಟಿಸಿದ್ದರು. ಮರಳಿ ಬಂದು ನೋಡಿದ ಸಾಹೇಬರು ಸಂತುಷ್ಟರಾಗಿ, ಅಲ್ಲೇ ಕುಳಿತು ವರದಿ ಬರೆದರು:

“ನನ್ನ ಭೇಟಿಯ ಅವಧಿಯಲ್ಲಿಯೇ ಶಿಕ್ಷಕರ ಮನಃಸ್ಥಿತಿಯಲ್ಲಿ ಗಮನಾರ್ಹ ಸುಧಾರಣೆ ಕಂಡುಬಂದಿದೆ. ಸದರಿ ತರಬೇತುದಾರರನ್ನು ಮುಂದುವರಿಸುವುದು. ಇನ್ನು ಮುಂದೆ ಪ್ರತಿ ಶಿಬಿರದಲ್ಲಿಯೂ ಆದ್ಯಂತ ಅಧಿಕಾರಿಗಳ ಉಪಸ್ಥಿತಿ ಕಡ್ಡಾಯ.”