ಥ್ರೋ ಎಂಬ ಕ್ರಿಯಾಪದವೂ ಜಮಖಂಡಿ ಬಸ್ಸಿನ ಸೀಟೂ

ಎಸೆಯಲು ಬಾರದ ಗಂಡಸಿಗೆ ನಮ್ಮ ಸೀಮೆಯಲ್ಲಿ ಬೆಲೆಯಿಲ್ಲ. ಹಾಡಲು ಬಾರದಿದ್ದರೆ ನಡೆಯುತ್ತದೆ, ಈಜಲು ಬಾರದಿದ್ದರೂ ಹೇಗೋ ನಡೆಯುತ್ತದೆ. ಆದರೆ ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯಲು ಬಾರದವನನ್ನು ಹೆಂಡತಿ ಮಕ್ಕಳೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಸ್ಸು ಬಂದು ನಿಂತೊಡನೆ ಬಾಗಿಲಲ್ಲಿ ನೂಕುನುಗ್ಗಲು. ಜಾಣರು ಅತ್ತ ಸುಳಿಯುವುದೇ ಇಲ್ಲ. ಕಿಟಕಿಯಿಂದ ಟವೆಲ್ ಒಗೆದು (ನಮ್ಮ ಕಡೆ ಎಸೆಯುವುದಕ್ಕೂ ಒಗೆಯುವುದೆಂದೇ ಹೇಳುತ್ತಾರೆ), ಎಲೆ ಅಡಿಕೆ ಜಗಿಯುತ್ತ ನಿಧಾನಕ್ಕೆ ಹತ್ತುತ್ತಾರೆ. ಟವೆಲ್ ಬಿದ್ದ ಸೀಟು ಅವರದೇ. ಹೊಲದ ಬದುವಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುವ ಜನ ಕೂಡ ಟವೆಲ್ಲಿನ ಹಕ್ಕನ್ನು ಮರುಮಾತಿಲ್ಲದೆ ಒಪ್ಪುತ್ತಾರೆ.

ನಾನು ಜಮಖಂಡಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವವನು. ಹೆಂಡತಿ ಸುನಂದಾಳ ತವರು ಮಹಾಲಿಂಗಪುರ. ಅವಳಿಗೆ ಮೊಣಕಾಲು ನೋವು. ತವರಿಗೆ ಹೋಗುವ ಆಸೆ ಮಾತ್ರ ಮೊಣಕಾಲಿಗಿಂತ ಗಟ್ಟಿ. ಮರಳುವಾಗ ಸೀಟು ಹಿಡಿದುಕೊಡುವವನು ಅವಳ ತಮ್ಮ ಈರಣ್ಣ, ಬೆಲ್ಲದ ವ್ಯಾಪಾರಿ. ಒಂದು ಕೈಯಲ್ಲಿ ಮೊಬೈಲ್ ಹಿಡಿದು ಬೆಲ್ಲದ ದರ ಮಾತಾಡುತ್ತಲೇ ಇನ್ನೊಂದು ಕೈಯಿಂದ ಒಗೆಯುತ್ತಾನೆ. ಟವೆಲ್ ಹೋಗಿ ಹೇಳಿದ ಸೀಟಿನ ಮೇಲೆ ಮಲಗುತ್ತದೆ. ನನ್ನ ಟವೆಲ್ ಹಾಗಲ್ಲ. ಗಾಳಿಯಲ್ಲಿ ಬಿಚ್ಚಿಕೊಂಡು, ಕಿಟಕಿಯ ಅಂಚಿಗೆ ಬಡಿದು, ತಿರುಗಿ ನನ್ನ ತಲೆಯ ಮೇಲೇ ಬಂದು ಕೂರುತ್ತದೆ. ಈರಣ್ಣ ಊರಲ್ಲಿಲ್ಲದ ಒಂದು ದಿನ ಅದು ಹೇಗೋ ಒಳಗೆ ಹೋಯಿತು, ಆದರೆ ಆಗಲೇ ಕುಳಿತಿದ್ದ ಅಜ್ಜಿಯೊಬ್ಬಳ ಮಡಿಲಿಗೆ ಬಿತ್ತು. ಆಕೆ ಅದರಲ್ಲೇ ಮುಖ ಒರೆಸಿಕೊಂಡು, “ತಗೋಪಾ ತಮ್ಮಾ, ನಿನ್ನ ಟವೆಲ್ ಗಾಳಿಗಿ ಹಾರಿ ಬಂದೈತಿ ನೋಡು” ಎಂದು ಮರಳಿಸಿದಳು. ಸುನಂದಾ ಜಮಖಂಡಿಯವರೆಗೂ ನಿಂತೇ ಬಂದಳು. ಇಳಿದ ಮೇಲೆ ಹೇಳಿದ್ದು ಒಂದೇ ಮಾತು: “ಇನ್ನ ಮ್ಯಾಲ ಈರಣ್ಣ ಇದ್ರ ಅಷ್ಟ ನಾ ತವರಿಗಿ ಹೋಗಾಕಿ. ನಿಮ್ಮನ್ನ ನಂಬಿ ಹೋಗಾಂಗಿಲ್ರಿ.” ಈ ಮಾತು ನನಗೆ ಬಹಳ ನಾಟಿತು.

ಮನಸ್ಸಿಗೆ ನೋವಾದಾಗ ಕೆಲವರು ಗುಡಿಗೆ ಹೋಗುತ್ತಾರೆ, ನಾನು ನಿಘಂಟು ತೆರೆಯುತ್ತೇನೆ. ಎಸೆಯುವುದಕ್ಕೆ ಇಂಗ್ಲಿಷಿನವರು ಹೇಳುವ ‘ಥ್ರೋ’ ಪದದ ಜಾತಕ ತೆಗೆದೆ. ನೋಡಿದರೆ ಈ ಮಹಾಶಯ ಹುಟ್ಟಿನಿಂದ ಎಸೆಯುವವನೇ ಅಲ್ಲ! ಹಳೆಯ ಇಂಗ್ಲಿಷಿನಲ್ಲಿ ಅವನ ಕಸುಬು ತಿರುಗಿಸುವುದು, ತಿರುಚುವುದು. ಕುಂಬಾರ ಚಕ್ರದ ಮೇಲೆ ಗಡಿಗೆ ಎತ್ತುವುದಕ್ಕೂ ರೇಷ್ಮೆ ಎಳೆಗೆ ಹುರಿ ಕೊಡುವುದಕ್ಕೂ ಅಲ್ಲಿ ಇಂದಿಗೂ ಥ್ರೋ ಎಂದೇ ಹೇಳುತ್ತಾರಂತೆ. ಆಗ ಎಸೆಯುವ ಕೆಲಸ ಇದ್ದದ್ದು ‘ವಾರ್ಪ್’ ಎಂಬ ಬೇರೊಂದು ಕ್ರಿಯಾಪದದ ಪಾಲಿಗೆ. ಕಾಲ ಕಳೆದಂತೆ ವಾರ್ಪ್ ಆ ಕೆಲಸ ಬಿಟ್ಟು, ಹಲಗೆ ಸೊಟ್ಟಗಾಗುವುದಕ್ಕೂ ಮಗ್ಗದ ಹಾಸಿನ ಎಳೆಗಳಿಗೂ ಹೆಸರಾಗಿ ಉಳಿಯಿತು. ಅದು ಎದ್ದದ್ದೇ ತಡ, ಥ್ರೋ ಆ ಸೀಟಿಗೆ ಟವೆಲ್ ಒಗೆದು ಕುಳಿತುಬಿಟ್ಟಿತು. ಕೈ ತಿರುಚಿ ಬೀಸುವುದರಿಂದ ಹೀಗೆ ಅರ್ಥ ಜಾರಿರಬಹುದೆಂದು ಪಂಡಿತರ ಊಹೆ. ನಾನೋ ಬನಹಟ್ಟಿಯ ನೇಕಾರರ ಮನೆಯಲ್ಲಿ ನೂಲಿನ ನಡುವೆಯೇ ಬೆಳೆದವನು. ಹುರಿ ಇಲ್ಲದ ಎಳೆ ಮಗ್ಗದ ಮೇಲೆ ನಿಲ್ಲುವುದಿಲ್ಲ. ಹುರಿ ಇಲ್ಲದ ಟವೆಲ್ ಗಾಳಿಯಲ್ಲಿ ನಿಂತೀತೇ? ಅಂದೇ ಅಂಗಳದಲ್ಲಿ ನಿಂತು, ಟವೆಲ್ಲನ್ನು ಬಿಗಿಯಾಗಿ ತಿರುಚಿ, ಕಿಟಕಿಯೊಳಗಿಂದ ಮಂಚದ ಮೇಲೆ ಒಗೆಯತೊಡಗಿದೆ. “ಒಣಗಿದ ಟವೆಲ್ ಯಾಕ ಹಿಂಡಾಕತ್ತೀರಿ?” ಎಂದು ಸುನಂದಾ ಗಾಬರಿಯಾದಳು.

ಮುಂದಿನ ಸಲ ಮಹಾಲಿಂಗಪುರದಿಂದ ಹೊರಡುವಾಗ ಈರಣ್ಣನ ಅಂಗಡಿಗೆ ಬೆಲ್ಲದ ಲಾರಿ ಬಂದು, ಅವನಿಗೆ ಬಿಟ್ಟು ಬರಲಾಗಲಿಲ್ಲ. ಬಸ್ಸು ಬಂತು. ಸುನಂದಾ ಮೊಣಕಾಲು ಹಿಡಿದುಕೊಂಡು ನನ್ನ ಮುಖ ನೋಡಿದಳು, ಆಸೆಯಿಂದಂತೂ ಅಲ್ಲ. ನಾನು ಟವೆಲ್ ತಿರುಚಿದೆ, ಕೈ ತಿರುಚಿದೆ, ಬೀಸಿ ಒಗೆದೆ. ಅದು ನೆಟ್ಟಗೆ ಕಿಟಕಿ ದಾಟಿ ಸೀಟಿನ ಮೇಲೆ ಬಿದ್ದು, ತಾನಾಗಿ ಬಿಚ್ಚಿಕೊಂಡಿತು! ಕೂರಲು ಅರ್ಧ ಬಾಗಿದ್ದ ಬಿಳಿ ಟೋಪಿಯ ಹಿರಿಯರೊಬ್ಬರು ತಟ್ಟನೆ ನೆಟ್ಟಗಾಗಿ, “ಯಾರದಪಾ ಇದು?” ಎಂದರು. “ನಂದರೀ!” ಎಂದು ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕೂಗಿದೆ. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಸುನಂದಾ ಮಹಾರಾಣಿಯಂತೆ ಹೋಗಿ ಕುಳಿತು ಫೋನ್ ತೆಗೆದಳು: “ಈರಣ್ಣಾ, ಇನ್ನ ನೀ ಬರೂದ ಬ್ಯಾಡೋ. ನಮ್ಮ ಮನಿಯವರ ಒಗದ್ರು!”

ಈಗ ಅವಳ ಅಕ್ಕಪಕ್ಕದ ಮನೆಯ ಗೆಳತಿಯರೂ ನನ್ನ ಕೈಗೇ ಕರವಸ್ತ್ರ ಕೊಡುತ್ತಾರೆ. ನಾನು ಒಂದಾದ ಮೇಲೊಂದು ಒಗೆಯುತ್ತೇನೆ, ಒಂದೂ ತಪ್ಪುವುದಿಲ್ಲ. ಮೊನ್ನೆ ಹಾಗೆಯೇ ಎಲ್ಲರನ್ನೂ ಕೂರಿಸಿ, ಅವರ ಚೀಲ ಹಿಡಿದು ನಿಂತಿದ್ದೆ. ಪಕ್ಕದ ಸೀಟಿನ ಅಪರಿಚಿತ ಹೆಂಗಸು ನನ್ನತ್ತ ಬೆರಳು ತೋರಿಸಿ, “ಅವರು ನಿಮ್ಮ ಮನಿಯವರೇನ್ರೀ? ಏನ್ ಕೆಲಸ ಮಾಡ್ತಾರ?” ಎಂದು ಸುನಂದಾಳನ್ನು ಕೇಳಿದಳು. ನಾನು ಎಂ.ಎ. ಮಾಡಿದವನಿಗೆ ತಕ್ಕಂತೆ ಎದೆ ಸೆಟೆಸಿದೆ.

“ಈಗ ನೋಡಿದ್ರಲ್ಲಾ,” ಎಂದಳು ಸುನಂದಾ ಹೆಮ್ಮೆಯಿಂದ, “ಇದನ್ನ ಮಾಡ್ತಾರ.”