ಶೆಟ್ಟರ ಕಾಲಿಗೆ ಸಿಕ್ಕ ನಂಗ್

ಕೊಟ್ಟಾರದ ಗುಣಪಾಲ ಶೆಟ್ಟರ ಅಡುಗೆಮನೆಯ ಗೋಡೆಯಲ್ಲಿ ಎರಡು ಮೊಳೆ, ಎರಡು ಚೀಲ. ಒಂದು ತರಕಾರಿಯದ್ದು. ಅದನ್ನು ಶೆಟ್ಟರು ಯಾವಾಗ ಬೇಕಾದರೂ ಹಿಡಿದುಕೊಂಡು ಹೋಗಬಹುದು. ಇನ್ನೊಂದು ಮೀನಿನದ್ದು. ಅದನ್ನು ಅವರು ಮುಟ್ಟಬಾರದು. ಪಣಂಬೂರಿನ ಬಂದರು ಇನ್ನೂ ಹೊಸದಾಗಿದ್ದ ಕಾಲ ಅದು. ಅಲ್ಲಿಯ ಕಚೇರಿಯಲ್ಲಿ ಶೆಟ್ಟರು ಹೆಡ್ ಕ್ಲಾರ್ಕ್. ಅವರ ಸಹಿ ಬೀಳದೆ ಗೋದಾಮಿನಿಂದ ಒಂದು ಗೇಣು ಹಗ್ಗ ಹೊರಗೆ ಹೋಗುವುದಿಲ್ಲ. ಅಂಥ ಮನುಷ್ಯನಿಗೆ ಸ್ವಂತ ಮನೆಗೆ ನಾಲ್ಕು ಬಂಗುಡೆ ತರುವ ಅಧಿಕಾರ ಇಲ್ಲವೆಂದರೆ ಇದು ಯಾವ ನ್ಯಾಯ, ನೀವೇ ಹೇಳಿ.

ಮೀನು ಖಾತೆ ಅವರ ಕೈತಪ್ಪಿದ್ದಕ್ಕೆ ಒಂದು ಇತಿಹಾಸ ಉಂಟು. ಒಮ್ಮೆ ಅವರ ಭಾವ, ಎಂದರೆ ಹೆಂಡತಿ ರತ್ನಾವತಿಯ ಅಣ್ಣ ಮೋಹನದಾಸ ಶೆಟ್ಟರು ಪಡೀಲಿನಿಂದ ಊಟಕ್ಕೆ ಬಂದಿದ್ದರು. ಮೀನು ಮಾರುವ ಅಪ್ಪಿ "ಈಗ ದೋಣಿಯಿಂದ ಇಳಿದದ್ದು ದಣಿಗಳೇ, ಇನ್ನೂ ಉಸಿರು ಉಂಟು" ಎಂದಳು. ಶೆಟ್ಟರು ನಂಬಿದರು. ಮನೆಗೆ ತಂದಾಗ ಭಾವ ಆ ಬಂಗುಡೆಯ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿದರು. ಬೆರಳು ಒಳಗೆ ಹೋಯಿತು, ಮೀನು ಮಾತ್ರ ಮೊದಲಿನ ಆಕಾರಕ್ಕೆ ಮರಳಲಿಲ್ಲ. ಮನೆಯ ಬೆಕ್ಕು ಅದನ್ನು ಮೂಸಿ, ಶೆಟ್ಟರ ಮುಖವನ್ನೊಮ್ಮೆ ನೋಡಿ, ಪಕ್ಕದ ಡಾಲಿ ಬಾಯಿಯ ಮನೆಗೆ ಹೋಯಿತು. (ಇವತ್ತಿಗೂ ಅದು ಡಾಲಿ ಬಾಯಿಯ ಬೆಕ್ಕೇ.) ಆ ದಿನದಿಂದ ಮೀನಿನ ಚೀಲ ರತ್ನಾವತಿಯ ಕೈಯಲ್ಲಿ.

"ನಿಮಗೆ ಕಡತ ನೋಡ್ಲಿಕ್ಕೆ ಗೊತ್ತುಂಟು, ಮೀನು ನೋಡ್ಲಿಕ್ಕೆ ಗೊತ್ತಿಲ್ಲ" ಎಂದು ಅವರು ತೀರ್ಪು ಕೊಟ್ಟಿದ್ದರು. ಅದರ ಮೇಲೆ ಅಪೀಲು ಇರಲಿಲ್ಲ.

ಹೀಗಿರುವಾಗ ಒಂದು ದಿನ ಕಚೇರಿಯ ಅಯ್ಯೂಬ್ ಒಂದು ರಂಗುರಂಗಿನ ಪುಸ್ತಕ ತಂದ. ಯಾವುದೋ ಹಡಗಿನ ವಿದೇಶೀ ಎಂಜಿನಿಯರು ಬಿಟ್ಟುಹೋದದ್ದು. ಅದರಲ್ಲಿ ಬಿಳಿಯರು ಒಬ್ಬೊಬ್ಬರೇ ಕೂರುವಂಥ ಕಿರಿದಾದ ದೋಣಿಗಳಲ್ಲಿ ಗುಂಪು ಕಟ್ಟಿಕೊಂಡು ಹೋಗಿ ಚಪ್ಪಟೆ ಮೀನು ಹಿಡಿಯುವ ಚಿತ್ರಗಳು.

"ಇದಕ್ಕೆ ಕಯಾಕ್ ಅಂತ ಹೆಸರು ಶೆಟ್ರೇ" ಎಂದ ಅಯ್ಯೂಬ್.

"ಎಂತದು ಕಯಾಕ್, ನಮ್ಮ ಪಾತಿ ಅಲ್ವಾ ಅದು" ಎಂದರು ಶೆಟ್ಟರು. "ಮೀನೂ ನಮ್ಮ ನಂಗೇ. ನೋಡು, ಎರಡು ಕಣ್ಣೂ ಒಂದೇ ಬದಿಯಲ್ಲಿ ಉಂಟು."

ಹೇಳುತ್ತಿದ್ದ ಹಾಗೆಯೇ ಅವರ ತಲೆಯಲ್ಲಿ ದೀಪ ಹತ್ತಿತು. ಮಾರ್ಕೆಟಿನ ಮೀನಿಗೆ ತಾನೇ ಹಳತು ಹೊಸತು ಎಂಬ ತಕರಾರು? ನೀರಿನಿಂದ ತಾನೇ ಎತ್ತಿದ ಮೀನನ್ನು ಯಾವ ಭಾವ ಒತ್ತಿದರೆ ಏನು? ಅಯ್ಯೂಬ್ ತಯಾರಾದ. ಲಾಡ್ಜಿನಲ್ಲಿದ್ದು ಹೋಟೆಲಿನಲ್ಲಿ ಉಣ್ಣುವ, ಅದೇ ಕಚೇರಿಯ ಬ್ರಹ್ಮಚಾರಿ ಲೋಕನಾಥನೂ ತಯಾರಾದ. ಬೆಂಗ್ರೆಯ ಮೀನುಗಾರ ಬೂಬ ಪಾತಿ ದೋಣಿಗಳನ್ನು ಕೊಡಲು ಒಪ್ಪಿದ. ಆದಿತ್ಯವಾರ ಬೆಳಿಗ್ಗೆ ಎಂದು ನಿಶ್ಚಯವಾಯಿತು.

ಮನೆಯಲ್ಲಿ ಶೆಟ್ಟರು ಷರತ್ತು ಹಾಕಿದರು. "ಆದಿತ್ಯವಾರ ನಾನು ನಂಗ್ ತರ್ತೇನೆ. ತಂದ್ರೆ ಚೀಲ ನನಗೆ ವಾಪಸ್."

"ತಿನ್ನುವ ಹಾಗಿದ್ರೆ ಖಂಡಿತ ಕೊಡ್ತೇನೆ" ಎಂದರು ರತ್ನಾವತಿ. "ಆದ್ರೆ ಆದಿತ್ಯವಾರ ಮೋಹನಣ್ಣನೂ ಊಟಕ್ಕೆ ಬರ್ತಾನೆ. ಆ ದಿನ..."

"ಬರ್ಲಿ, ಒಳ್ಳೆಯದೇ ಆಯ್ತು. ಇನ್ನು ಮೀನಿನ ಶಬ್ದ ಎತ್ತಬೇಡ."

ಇದು ಮೂಢನಂಬಿಕೆ ಅಲ್ಲ, ಸಂಪ್ರದಾಯ. ಬೇಟೆಗೆ ಹೊರಟವನನ್ನು ಎಲ್ಲಿಗೆ ಎಂದು ಕೇಳಬಾರದು, ಹಿಂದಿನಿಂದ ಕರೆಯಬಾರದು, ಅಪಶಕುನದ ಮಾತು ಆಡಬಾರದು. ಶೆಟ್ಟರ ಅಜ್ಜ ಹಂದಿ ಬೇಟೆಗೆ ಹೋಗುವಾಗ ಇಡೀ ಮನೆ ಮೌನವ್ರತ ಹಿಡಿಯುತ್ತಿತ್ತಂತೆ. (ಅಜ್ಜನಿಗೆ ಹಂದಿ ಸಿಕ್ಕಿದ್ದನ್ನು ನೋಡಿದವರಿಲ್ಲ, ಮೌನ ಮಾತ್ರ ಪ್ರಸಿದ್ಧವಾಗಿತ್ತು.) ಮೊಮ್ಮಗ ಅದನ್ನು ಇನ್ನಷ್ಟು ಬಿಗಿಮಾಡಿ, ತಾನು ಮೀನು ಹಿಡಿದು ಬರುವವರೆಗೆ ಆದಿತ್ಯವಾರದ ವಿಷಯ ಯಾರೂ ಬಾಯಿ ಬಿಡಬಾರದು ಎಂದು ಆಜ್ಞೆ ಹೊರಡಿಸಿದರು.

ಶುಕ್ರವಾರ ರತ್ನಾವತಿ, "ಅಲ್ಲ, ಆದಿತ್ಯವಾರ ಎಂತ ದಿನ ಅಂತ..." ಎಂದು ಶುರುಮಾಡಿದರು. ಶೆಟ್ಟರು ತುಟಿಯ ಮೇಲೆ ಬೆರಳಿಟ್ಟರು. ಶನಿವಾರ ಸಂಜೆ, "ಒಂದೇ ಒಂದು ಮಾತು ಮಾರಾಯ್ರೆ" ಎಂದರು. ಶೆಟ್ಟರು ರೇಡಿಯೋ ದೊಡ್ಡದು ಮಾಡಿದರು.

"ಆಯ್ತು" ಎಂದರು ರತ್ನಾವತಿ. "ಮತ್ತೆ ನೀನು ಹೇಳ್ಲಿಲ್ಲ ಅಂತ ನನ್ನ ಮೇಲೆ ಬರಬೇಡಿ."

ಆದಿತ್ಯವಾರ ಶೆಟ್ಟರು ಎದ್ದಾಗ ರತ್ನಾವತಿ ಆಗಲೇ ಮಿಂದು, ಹಿತ್ತಾಳೆಯ ದೀಪವನ್ನು ಹುಣಸೆಹುಳಿ ಹಾಕಿ ಬೆಳಗುತ್ತಿದ್ದರು. ಬಾಯಲ್ಲಿ ಜಗಳ ಆಡಿದರೂ ಗಂಡನ ಗೆಲುವಿಗೆ ದೀಪ ಇಡುವ ಹೆಂಡತಿ ಎಷ್ಟು ಮಂದಿಗೆ ಸಿಗುತ್ತಾಳೆ? ಶೆಟ್ಟರ ಹೃದಯ ತುಂಬಿ ಬಂತು. ಮಾತಾಡಿದರೆ ಅಪಶಕುನ ಎಂದು ಸುಮ್ಮನೆ ತಲೆಯಾಡಿಸಿ ಹೊರಟರು.

ಪಾತಿ ಎಂದರೆ ಒಂದೇ ಮರವನ್ನು ಕೊರೆದು ಮಾಡಿದ ದೋಣಿ. ಒಬ್ಬ ಕೂತರೆ ಭರ್ತಿ. ಶೆಟ್ಟರು ಕೂತಾಗ ಭರ್ತಿಗಿಂತ ಸ್ವಲ್ಪ ಹೆಚ್ಚೇ ಆಯಿತು. ಅಳಿವೆಯ ಹತ್ತಿರ, ನದಿ ಸಮುದ್ರಕ್ಕೆ ಸೇರುವ ಕಡೆ, ಸಣ್ಣ ಸಿಗಡಿಯನ್ನು ಗಾಳಕ್ಕೆ ಚುಚ್ಚಿ ನಾಲ್ಕೂ ಜನ ಸಾಲಾಗಿ ಕೂತರು. ಬಿಸಿಲು ಏರಿತು. ಅಯ್ಯೂಬನ ಗಾಳಕ್ಕೆ ಒಂದು ಏಡಿ ಸಿಕ್ಕಿತು. ಲೋಕನಾಥನ ಗಾಳಕ್ಕೆ ಲೋಕನಾಥನ ಅಂಗಿಯೇ ಸಿಕ್ಕಿತು. ಬೂಬ ಬೀಡಿ ಸೇದುತ್ತಾ, "ನಿನ್ನೆ ಬರಬೇಕಿತ್ತು ಶೆಟ್ರೇ, ನಿನ್ನೆ ರಾಶಿ ಇತ್ತು" ಎಂದ. ಮೀನು ಹಿಡಿಯುವ ಜಾಗದಲ್ಲೆಲ್ಲ ಈ ನಿನ್ನೆ ಎನ್ನುವ ದಿನ ಎಷ್ಟು ಫಲವತ್ತಾಗಿರುತ್ತದೆ ನೋಡಿ.

ಶೆಟ್ಟರಿಗೆ ಮೊಳೆಯಲ್ಲಿ ನೇತಾಡುವ ಮೀನಿನ ಚೀಲ ಕಣ್ಣಮುಂದೆ ಬಂತು. ಬರಿಗೈಯಲ್ಲಿ ಹೋದರೆ ಭಾವ ಏನೂ ಹೇಳುವುದಿಲ್ಲ, ಮೀಸೆಯೊಳಗೆ ನಗುತ್ತಾರೆ ಅಷ್ಟೆ. ಆ ನಗೆಯನ್ನು ಸಾಯುವವರೆಗೆ ಹೊತ್ತು ತಿರುಗಬೇಕು. ಅಷ್ಟರಲ್ಲಿ ದಾರ ಜಗ್ಗಿತು. ಶೆಟ್ಟರು ಉತ್ಸಾಹದಿಂದ ಎದ್ದು ನಿಂತರು. ಪಾತಿಯಲ್ಲಿ ಎದ್ದು ನಿಲ್ಲಬಾರದು ಎಂಬುದು ಅವರಿಗೆ ನೀರಿನಲ್ಲಿ ಬಿದ್ದ ಮೇಲೆ ತಿಳಿಯಿತು.

"ಬೂಬಾ, ನಾನು ಹೋದೆ" ಎಂದು ಅವರು ಕೂಗಿದರು.

"ಎಲ್ಲಿಗೂ ಹೋಗ್ಲಿಲ್ಲ ಶೆಟ್ರೇ. ಎದ್ದು ನಿಲ್ಲಿ, ಇಳಿತ ಆಗಿದೆ" ಎಂದ ಬೂಬ.

ಎದ್ದು ನಿಂತರೆ ನೀರು ತೊಡೆಯವರೆಗೆ ಮಾತ್ರ. ನಿಂತ ಕೂಡಲೇ ಶೆಟ್ಟರ ಮುಖದ ಬಣ್ಣ ಬದಲಾಯಿತು. ಬಲಗಾಲಿನ ಅಡಿಯಲ್ಲಿ ಮರಳು ಮಿಸುಕಾಡುತ್ತಿತ್ತು.

"ಮಾರಾಯ, ನನ್ನ ಕಾಲಡಿ ಎಂತದೋ ಜೀವ ಉಂಟು."

"ಕಾಲು ತೆಗೀಬೇಡಿ" ಎಂದು ಬೂಬ ಬೀಡಿ ಎಸೆದು ಇಳಿದು ಬಂದ. ಬಗ್ಗಿ, ಶೆಟ್ಟರ ಪಾದದ ಅಡಿಗೆ ಕೈ ತೂರಿಸಿ ಎಳೆದ. ಅಂಗೈಗಿಂತ ಉದ್ದದ, ದಪ್ಪನೆಯ ನಂಗ್. ಒಂದೇ ಬದಿಯ ಎರಡೂ ಕಣ್ಣಿನಿಂದ ಅದು ಶೆಟ್ಟರನ್ನು ನೋಡಿತು. ಶೆಟ್ಟರಿಗೆ ಅಳು ಬಂತು. ಸಂತೋಷದ್ದು.

ಆಮೇಲೆ ಗಾಳ ಯಾರಿಗೆ ಬೇಕು? ಬಂದರು ಕಚೇರಿಯ ಮೂವರು ಗೌರವಾನ್ವಿತ ನೌಕರರು ಪ್ಯಾಂಟು ಮಡಚಿ, ಕೈ ಕೈ ಹಿಡಿದುಕೊಂಡು, ಮರಳಿನ ಮೇಲೆ ಪಾದ ಉಜ್ಜುತ್ತಾ ಸಾಗಿದರು. ಅಯ್ಯೂಬನಿಗೆ ಒಂದು ಸಿಕ್ಕಿತು. ಲೋಕನಾಥನಿಗೆ ಒಂದು ಸಿಕ್ಕಿ ಜಾರಿತು. ಶೆಟ್ಟರ ಕಾಲಿಗೆ ಮಾತ್ರ ಒಂದರ ಹಿಂದೆ ಒಂದು ಬಂತು. ಅವರ ಪಾದವೂ ನಂಗಿನಷ್ಟೇ ಚಪ್ಪಟೆ, ನೆಂಟರೆಂದು ತಿಳಿದಿರಬೇಕು ಎಂದು ಅಯ್ಯೂಬ್ ಹೇಳಿದ. ಹೊಟ್ಟೆಕಿಚ್ಚಿನ ಮಾತು, ಬಿಡಿ.

ಹೊರಡುವಾಗ ಶೆಟ್ಟರು ಬೂಬನಿಗೆ ಎರಡು ಮೀನು ಕೊಡಲು ಹೋದರು.

"ಇವತ್ತು ಬೇಡ ಶೆಟ್ರೇ. ನಾಳೆಯಾದ್ರೆ ತಗೊಳ್ತಿದ್ದೆ."

ಎಂಥ ಸಂಕೋಚದ ಮನುಷ್ಯ ಎಂದುಕೊಂಡರು ಶೆಟ್ಟರು. ಲೋಕನಾಥನಿಗೆ ಒಲೆಯೇ ಇಲ್ಲ. ಅಯ್ಯೂಬ್ ತನ್ನದನ್ನು ತಾನು ಇಟ್ಟುಕೊಂಡ. ಉಳಿದದ್ದನ್ನೆಲ್ಲ ಬಳ್ಳಿಗೆ ಪೋಣಿಸಿ, ಅಯ್ಯೂಬನ ಸ್ಕೂಟರಿನ ಹಿಂದೆ ಕೂತು, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದುಕೊಂಡು ಶೆಟ್ಟರು ಕೊಟ್ಟಾರಕ್ಕೆ ವಿಜಯಯಾತ್ರೆ ಬಂದರು.

"ರತ್ನಾ, ಕತ್ತಿ ತೆಗಿ" ಎಂದು ಗೇಟಿನಿಂದಲೇ ಕೂಗಿದರು.

ಜಗಲಿಯಲ್ಲಿ ಭಾವ ಬಿಳಿ ಪಂಚೆ ಉಟ್ಟು, ಹಣೆಗೆ ಗಂಧ ಹಚ್ಚಿ ಕೂತಿದ್ದರು. ಒಳಗೆ ದೀಪ ಉರಿಯುತ್ತಿತ್ತು. ಊದುಬತ್ತಿಯ ಪರಿಮಳ ಗೇಟಿನವರೆಗೆ ಬಂತು.

"ಅಲ್ಲೇ ನಿಲ್ಲಿ" ಎಂದರು ರತ್ನಾವತಿ. "ಇವತ್ತು ಸಂಕ್ರಮಣ."

ತಿಂಗಳ ಸಂಕ್ರಮಣ. ಮನೆಯ ದೈವಕ್ಕೆ ದೀಪ ಇಟ್ಟು ಕೈಮುಗಿಯುವ ದಿನ. ಆ ದಿನ ಆ ಮನೆಯೊಳಗೆ ಮೀನಿನ ಪೊರೆಯೂ ಬೀಳಬಾರದು. ಭಾವ ಊಟಕ್ಕೆ ಬಂದದ್ದೂ ಅದಕ್ಕೇ. ಬೂಬ ಬೇಡವೆಂದದ್ದೂ ಅದಕ್ಕೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಕೇಳಿದ್ದೇವೆ. ಇಲ್ಲಿ ಕಾಲಿಗೆ ಬಂದದ್ದು ಬಾಯಿಗೆ ಬರಲಿಲ್ಲ.

"ನೀನು ಯಾಕೆ ಮೊದಲೇ ಹೇಳ್ಲಿಲ್ಲ?"

"ಬಾಯಿ ಬಿಡಬಾರದು ಅಂತ ಹೇಳಿದ್ದು ಯಾರು?"

"ಫ್ರಿಜ್ಜಿನಲ್ಲಿ ಇಟ್ರೆ ನಾಳೆಗೆ..."

"ಫ್ರಿಜ್ಜು ಮನೆಯ ಒಳಗೇ ಉಂಟಲ್ವಾ? ಅದಕ್ಕೂ ಸಂಕ್ರಮಣವೇ."

ಶೆಟ್ಟರು ಗೇಟಿನ ಹೊರಗೆ, ಒದ್ದೆ ಪ್ಯಾಂಟಿನಲ್ಲಿ, ಮೀನಿನ ಬಳ್ಳಿ ಹಿಡಿದುಕೊಂಡು ನಿಂತರು. ಅವರ ಮುಖ ನೋಡಿ ಭಾವನ ಮನಸ್ಸೂ ಕರಗಿರಬೇಕು. ಅಂಗಳಕ್ಕೆ ಇಳಿದು, ಮೈಲಿಗೆಯಾಗದಷ್ಟು ದೂರದಲ್ಲಿ ನಿಂತು, "ಭಾವ, ಹೊಟ್ಟೆ ಒಮ್ಮೆ ಒತ್ತಿ" ಎಂದರು. ಶೆಟ್ಟರು ಒತ್ತಿದರು. "ಕಿವಿರು ಎತ್ತಿ." ಎತ್ತಿದರು. ಭಾವ ಬಹಳ ಹೊತ್ತು ನೋಡಿದರು.

"ಇಂಥ ನಂಗ್ ನಾನು ಈ ವರ್ಷ ನೋಡ್ಲಿಲ್ಲ" ಎಂದರು ಕೊನೆಗೆ. "ಎಂಥ ದಿನ ತಂದ್ರಿ ಮಾರಾಯ್ರೆ."

ಗೋಡೆಯ ಆಚೆಯಿಂದ ಇದನ್ನೆಲ್ಲ ಕೇಳುತ್ತಿದ್ದ ಡಾಲಿ ಬಾಯಿ ತಟ್ಟೆ ಹಿಡಿದುಕೊಂಡೇ ಬಂದರು. ಚರ್ಚಿಗೆ ಹೋಗಿ ಬಂದಾಗಿತ್ತು, ಅವರಿಗೆ ಸಂಕ್ರಮಣವೂ ಇರಲಿಲ್ಲ. ಮೀನು ಅತ್ತ ಹೋಯಿತು. ಶೆಟ್ಟರು ಬಾವಿಕಟ್ಟೆಯಲ್ಲಿ ಮಿಂದು ಒಳಗೆ ಬಂದು ಎಲೆಯ ಮುಂದೆ ಕೂತರು. ಸೌತೆಕಾಯಿ ಸಾಂಬಾರು, ಅಲಸಂಡೆ ಪಲ್ಯ, ಪಾಯಸ. ಸಾಂಬಾರು ಬಡಿಸುವಾಗ ಸರಿಯಾಗಿ ಗೋಡೆಯ ಆಚೆ ಮಸಾಲೆ ಹಚ್ಚಿದ ನಂಗ್ ಕಾವಲಿಯ ಮೇಲೆ ಬಿತ್ತು. ಚುಂಯ್ ಎಂಬ ಸದ್ದು, ಹಿಂದೆಯೇ ಪರಿಮಳ. ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಭಾವ ಮಾತ್ರ ದೀರ್ಘವಾಗಿ ಉಸಿರೆಳೆದುಕೊಂಡು, "ಮೂಗಿಗೆ ಸಂಕ್ರಮಣ ಇಲ್ಲ" ಎಂದು ಮತ್ತೊಮ್ಮೆ ಅನ್ನ ಹಾಕಿಸಿಕೊಂಡರು.

ಸಂಜೆ ಡಾಲಿ ಬಾಯಿ ಗೋಡೆಯ ಮೇಲಿಂದ ಇಣುಕಿ, "ನಿಮ್ಮವರ ಹಾಗೆ ಮೀನು ತರುವವರು ಈ ಬೀದಿಯಲ್ಲೇ ಇಲ್ಲ ರತ್ನಕ್ಕ" ಎಂದರು. ರತ್ನಾವತಿ ಒಳಗೆ ಬಂದು, ಮೊಳೆಯಿಂದ ಮೀನಿನ ಚೀಲ ತೆಗೆದು ಗಂಡನ ಕೈಯಲ್ಲಿಟ್ಟರು. "ಮಾತು ಅಂದ್ರೆ ಮಾತು. ಇನ್ನು ಮೀನು ತರುವುದು ನೀವೇ."

ಶೆಟ್ಟರಿಗೆ ರಾಜ್ಯವೇ ವಾಪಸ್ ಸಿಕ್ಕಿದ ಹಾಗಾಯಿತು. "ನಾಳೆಯೇ ಮಾರ್ಕೆಟಿಗೆ ಹೋಗ್ತೇನೆ."

"ಮಾರ್ಕೆಟಿಗೆ ಯಾಕೆ? ಅಲ್ಲಿ ನೀವು ಕಣ್ಣಿನಿಂದ ನೋಡಿ ತರುವುದಲ್ವಾ? ನಿಮ್ಮ ಕಣ್ಣನ್ನು ನಾನು ನಂಬುವುದಿಲ್ಲ. ಕಾಲನ್ನು ನಂಬ್ತೇನೆ. ಕಾಲಿನಿಂದಲೇ ತನ್ನಿ." ರತ್ನಾವತಿ ಇನ್ನೊಂದು ಚೀಲ ಕೊಟ್ಟರು. "ಇದು ಡಾಲಿ ಬಾಯಿಯದ್ದು." ಮತ್ತೂ ಒಂದು ಕೊಟ್ಟರು. "ಇದು ಮೋಹನಣ್ಣ ಬಿಟ್ಟು ಹೋದದ್ದು."

ಮುಂದಿನ ಆದಿತ್ಯವಾರ ಬೆಳಿಗ್ಗೆ ಅಯ್ಯೂಬ್ ಗೇಟಿನ ಹೊರಗೆ ಸ್ಕೂಟರು ನಿಲ್ಲಿಸಿ ಹಾರನ್ ಹೊಡೆದ. ಮೂರು ಚೀಲಗಳನ್ನು ಹೆಗಲಿಗೆ ಹಾಕಿಕೊಂಡ ಶೆಟ್ಟರು ಮೆಟ್ಟಿಲಿನವರೆಗೆ ಹೋದವರು ಏನೋ ನೆನಪಾಗಿ ತಿರುಗಿ ನಿಂತರು. ಈ ಸಲ ಎಡವಟ್ಟಾಗಬಾರದು.

"ರತ್ನಾ, ನಾನು ಹೊರಡುವ ಮೊದಲು ಹೇಳ್ಲಿಕ್ಕೆ ಎಂತಾದ್ರೂ ಉಂಟಾ? ಉಂಟಾದ್ರೆ ಈಗಲೇ ಹೇಳಿಬಿಡು" ಎಂದರು.

ಮದುವೆಯಾದ ಮೇಲೆ ಗಂಡ ಈ ಪ್ರಶ್ನೆ ಕೇಳಿದ್ದು ಅದೇ ಮೊದಲು. ರತ್ನಾವತಿ ಕೈ ಒರೆಸಿಕೊಂಡು, ಚಾಪೆ ಎಳೆದು ಕೂತು, ಮದುವೆಯ ದಿನದಿಂದಲೇ ಶುರುಮಾಡಿದರು. ಬೆಂಗ್ರೆಯಲ್ಲಿ ಇಳಿತ ಮುಗಿದು ನೀರು ಏರತೊಡಗಿದಾಗ ಅವರು ಇನ್ನೂ ಬಂಗುಡೆಯ ವಿಷಯಕ್ಕೆ ಬಂದಿರಲಿಲ್ಲ.